ಒಂದೇ ಎದೆ, ಎರಡು ಕೂಸು

ಚಪ್ಪಲಿ ಹೊರಗೆ ಬಿಡಿ. ತೋಳು ಮೊಣಕೈ ಮೇಲಕ್ಕೆ ಮಡಚಿ. ಉಂಗುರ, ವಾಚು, ಮಣಿಕಟ್ಟಿನ ಕೆಂಪು ದಾರ ಎಲ್ಲವೂ ಜೇಬಿಗೆ. ದಾರಕ್ಕೆ ಬಂದಾಗ ಬೆರಳು ತಡೆಯುತ್ತದೆ, ಅದು ಹುಲಿಗೆಮ್ಮನ ಗುಡಿಯಲ್ಲಿ ಕಟ್ಟಿಸಿಕೊಂಡದ್ದು. “ಬಿಚ್ರೀ, ಅದ್ರಾಗೂ ಹೊಲಸು ಇರ್ತೈತಿ,” ಎನ್ನುತ್ತಾರೆ ಸಿಸ್ಟರ್. ಬಿಚ್ಚುತ್ತೀರಿ. ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಉಜ್ಜುತ್ತೀರಿ. ಉಗುರಿನ ಸಂದಿಯಲ್ಲಿ ನಿನ್ನೆ ತೂಗಿದ ಬೆಲ್ಲ ಇನ್ನೂ ಅಂಟಿದೆ.

ಬೆಳಗಿನ ಜಾವ ನಾಲ್ಕು ಗಂಟೆ. ಕೊಪ್ಪಳದ ಏಪ್ರಿಲ್. ಹೊರಗೆ ಕಾರಿಡಾರಿನ ಕಲ್ಲು ಈ ಹೊತ್ತಿನಲ್ಲೂ ಬೆಚ್ಚಗಿದೆ, ಬಾಗಿಲು ದಾಟಿದರೆ ಇನ್ನಷ್ಟು ಸೆಕೆ. ಇಂಥ ಕೋಣೆ ತಣ್ಣಗಿರುತ್ತದೆ ಅಂದುಕೊಂಡಿದ್ದಿರಿ. ಆದರೆ ಇಲ್ಲಿರುವ ಕೂಸುಗಳ ಚರ್ಮದಡಿ ಕೊಬ್ಬೇ ಇಲ್ಲ. ಬೇಸಿಗೆಯ ಕೊಪ್ಪಳದಲ್ಲೂ ಅವು ಚಳಿಗೆ ಸಾಯಬಲ್ಲವು. ಸ್ಪಿರಿಟ್ಟಿನ ವಾಸನೆ. ಎಲ್ಲೋ ನೀರು ಬುಳಬುಳ ಅನ್ನುತ್ತಿದೆ. ಒಂದು ಯಂತ್ರ ಕೂಗುತ್ತದೆ, ಯಾರೋ ಅದರ ಬಾಯಿ ಮುಚ್ಚಿಸುತ್ತಾರೆ, ಇನ್ನೊಂದು ಶುರುವಾಗುತ್ತದೆ.

‘ಗ್ಲಾಸಿನ ಪೆಟ್ಟಿಗ್ಯಾಗ ಇಟ್ಟಾರ’ ಎಂದು ಊರಿಗೆ ಫೋನು ಹೋಗಿದೆ. ಇಲ್ಲಿರುವುದು ಪೆಟ್ಟಿಗೆಯಲ್ಲ, ತೆರೆದ ಹಾಸಿಗೆ. ತಲೆಯ ಮೇಲೊಂದು ಸರಳು ಕಾದು ಕೆಂಪಗಿದೆ. ಅದರಡಿ ಮಲಗಿರುವುದನ್ನು ನೋಡಿ ನಿಮಗೆ ಮೊದಲು ತೋಚುವುದು ತೂಕ. ಕಿರಾಣಿ ಅಂಗಡಿಯವರ ಅಂಗೈ ತಕ್ಕಡಿಗಿಂತ ಮುಂಚೆ ಹೇಳುತ್ತದೆ. ಮೊದಲನೆಯದು, ಗಂಡು: ಚೀಟಿಯಲ್ಲಿ 1,180 ಗ್ರಾಂ. ಎರಡನೆಯದು, ಹೆಣ್ಣು: 920. ಒಂದು ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಕಡಿಮೆ, ಮತ್ತು ಅದು ಉಸಿರಾಡುತ್ತಿದೆ. ಉಸಿರಾಟ ಅನ್ನಬೇಕೋ ಏನೋ: ಪ್ರತಿ ಸಲವೂ ಎದೆಯ ಗೂಡು ಒಳಕ್ಕೆ ಕುಸಿಯುತ್ತದೆ, ಪಕ್ಕೆಲುಬು ಎಣಿಸಬಹುದು, ಗಂಟಲಿನಿಂದ ಸಣ್ಣ ನರಳು.

29 ವಾರ. ಏಳನೇ ತಿಂಗಳು. ‘ಏಳರದು ಉಳೀತೈತಿ, ಎಂಟರದು ಉಳಿಯೂದಿಲ್ಲ’ ಎಂದು ಅವ್ವ ಹೊರಗೆ ಬೆಂಚಿನ ಮೇಲೆ ಕೂತು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ. ಈ ಮಾತು ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. ಆದರೆ ಈ ಹೊತ್ತಿನಲ್ಲಿ ಅವ್ವನನ್ನು ತಿದ್ದುವವರು ಯಾರು? ನೀರು ಒಡೆದ ಕೂಡಲೇ ನಿಮ್ಮ ಹೆಂಡತಿಗೆ ಇಂಜೆಕ್ಷನ್ ಶುರು ಮಾಡಿದ್ದರು, ಕೂಸುಗಳ ಶ್ವಾಸಕೋಶ ಬೇಗ ಬಲಿಯಲಿ ಎಂದು. ಹನ್ನೆರಡು ತಾಸಿಗೊಂದರಂತೆ ನಾಲ್ಕು ಆಗಬೇಕಿತ್ತು. ಎರಡಾಗುವಷ್ಟರಲ್ಲಿ ಇವು ಬಂದುಬಿಟ್ಟವು.

ಡಾಕ್ಟರು ಮೆಲ್ಲಗೆ ಮಾತಾಡುತ್ತಾರೆ. ಅಂಗಡಿಯಲ್ಲಿ ಹೊಸ ಪ್ಲಾಸ್ಟಿಕ್ ಚೀಲದ ಬಾಯಿ ಬಿಡಿಸಲು ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತೀರಲ್ಲ, ಆ ಚೀಲದ ಹಾಗೆ ಈ ಹೆಣ್ಣುಕೂಸಿನ ಶ್ವಾಸಕೋಶದ ಗುಳ್ಳೆಗಳು ಪ್ರತಿ ಉಸಿರಿಗೂ ಅಂಟಿಕೊಳ್ಳುತ್ತಿವೆ. ಅಂಟದಂತೆ ಮಾಡುವ ದ್ರವ, ಸರ್ಫ್ಯಾಕ್ಟಂಟ್, ಸಾಕಷ್ಟು ತಯಾರಾಗುವ ಮೊದಲೇ ಹುಟ್ಟಿದೆ. ಹೊರಗಿನಿಂದ ಹಾಕಬೇಕು. ಅಣ್ಣನಿಗೆ ಸದ್ಯ ಬೇಡ, ತಂಗಿಗೆ ಬೇಕು. ಕೊಳವೆ ಇಳಿಸುವಾಗ ಅಪಾಯ ಇದೆ. ಇಳಿಸದಿದ್ದರೆ ಇನ್ನೂ ಹೆಚ್ಚು.

“ಇದು ದನದ ಶ್ವಾಸಕೋಶದಿಂದ ತೆಗೆದ ಔಷಧಿ. ಮೊದಲೇ ಹೇಳಿರಬೇಕು ಅಂತ ಹೇಳ್ತಿದೀನಿ.”

ನಿಮ್ಮ ಮನೆಯಲ್ಲಿ ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. ಹೊರಗೆ ಅವ್ವನ ಹಣೆಯ ಮೇಲೆ ಮೂರು ಎಳೆ ವಿಭೂತಿ. ಪೆನ್ನು ನಿಮ್ಮ ಕೈಯಲ್ಲಿದೆ. ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಲೆಕ್ಕ ಬರೆಯುವ ಕೈಗೆ ತನ್ನ ಹೆಸರಿನ ಅಕ್ಷರ ಮರೆತಂತಾಗುತ್ತದೆ. ಸಹಿ ಹಾಕುತ್ತೀರಿ. ಅವ್ವನಿಗೆ ಹೇಳುವುದೋ ಬಿಡುವುದೋ ಆಮೇಲಿನ ಮಾತು.

ನಿಮ್ಮನ್ನು ಹೊರಗೆ ಕಳಿಸುತ್ತಾರೆ. ಅಲ್ಲಿ ನಿಂತಿರುವಾಗ ನಿಮಗೆ ಬೇಡದ ಒಂದು ಸಂಗತಿ ಹೇಳುತ್ತೇನೆ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಗೆ ಒಬ್ಬ ಮಗ ಹುಟ್ಟಿದ, ಐದೂವರೆ ವಾರ ಮುಂಚೆ. ತೂಕ ಸುಮಾರು 2,100 ಗ್ರಾಂ: ನಿಮ್ಮ ಎರಡೂ ಕೂಸುಗಳನ್ನು ಒಂದೇ ತಟ್ಟೆಯಲ್ಲಿಟ್ಟರೆ ಆಗುವಷ್ಟು. ಇದೇ ರೋಗ. ಜಗತ್ತಿನ ಯಾವ ವೈದ್ಯರನ್ನು ಬೇಕಾದರೂ ಕರೆಸಬಲ್ಲ ಅಪ್ಪ. ಕೂಸು ಉಳಿದದ್ದು 39 ತಾಸು. ದನದ ಶ್ವಾಸಕೋಶದ ಈ ದ್ರವವನ್ನು ಜಪಾನಿನ ವೈದ್ಯ ಫುಜಿವಾರಾ ಕೂಸುಗಳಿಗೆ ಕೊಟ್ಟು ಫಲ ಕಂಡು ಪ್ರಕಟಿಸಿದ್ದು 1980ರಲ್ಲಿ.

ಬಾಗಿಲಾಚೆ ಯಂತ್ರ ಕೂಗುತ್ತದೆ. ನಿಲ್ಲುವುದಿಲ್ಲ. ಸ್ಟೂಲು ಎಳೆದ ಸದ್ದು. “ಎಷ್ಟೈತಿ?” “ಅರವತ್ತು.” “ಹಾಕಿ, ಹಾಕಿ.” ನಿಮ್ಮ ಹಣೆ ಬಾಗಿಲಿನ ಗಾಜಿಗೆ ಒತ್ತಿದೆ, ಗಾಜು ಮಬ್ಬಾಗಿದೆ. ಮತ್ತೆ ಬುಳಬುಳ. ಅದು ಕೂಸುಗಳ ಮೂಗಿಗಿಟ್ಟ ನಳಿಕೆಯ ಗಾಳಿ ನೀರಿನ ಬಾಟಲಿಯೊಳಗೆ ಹೊರಬೀಳುವ ಸದ್ದು. ಆ ಸದ್ದು ಇರುವಷ್ಟು ಹೊತ್ತು ಶ್ವಾಸಕೋಶದ ಗುಳ್ಳೆಗಳನ್ನು ತೆರೆದಿಡುವ ಒತ್ತಡ ಇದೆ ಎಂದರ್ಥ. ಹದಿಮೂರು ದಿನ ನೀವು ಇದನ್ನು ಕೇಳುತ್ತೀರಿ, ಕನಸಿನಲ್ಲೂ.

ಎರಡನೇ ದಿನ ಹಾಲು. ಹೆಂಡತಿ ಮೇಲಿನ ವಾರ್ಡಿನಲ್ಲಿ ಹೊಲಿಗೆಯ ನೋವಿನಲ್ಲಿ ಅರ್ಧ ತಾಸು ಹಿಂಡಿ ಕೊಟ್ಟದ್ದು ಬಟ್ಟಲಿನ ತಳದಲ್ಲಿ ಹಳದಿಗೆ ನಿಂತಿದೆ. ಗಿಣ್ಣು ಹಾಲು, ಮೂರು ಮಿಲಿ. ಮೆಟ್ಟಿಲಿಳಿಯುವಾಗ ನೀವು ಉಸಿರು ಬಿಗಿಹಿಡಿದಿದ್ದೀರಿ. ಚೆಲ್ಲಿದರೆ ಇನ್ನೊಂದು ಬಟ್ಟಲು ಇಲ್ಲ. ಕಾರಿಡಾರಿನಲ್ಲಿ ಪರಿಚಯವಿಲ್ಲದ ಮುದುಕಿಯೊಬ್ಬಳು ಬುದ್ಧಿ ಹೇಳುತ್ತಾಳೆ: “ಗಂಡಮಗೂಗ ಮದ್ಲ ಹಾಕ್ಸಪಾ. ಒಂದರ ಉಳೀಲಿ.” ಸಿಸ್ಟರ್ ಸಿರಿಂಜಿಗೆ ಎಳೆದು ಸಮಪಾಲು ಮಾಡುತ್ತಾರೆ, ಬಾಯಿಂದ ಹೊಟ್ಟೆಗೆ ಇಳಿದ ದಾರದಂಥ ಕೊಳವೆಗೆ ಬಿಡುತ್ತಾರೆ. ಅಣ್ಣನ ಹೊಟ್ಟೆ ಒಪ್ಪುತ್ತದೆ. ತಂಗಿಯದು ವಾಪಸು ಬರುತ್ತದೆ, ಹಸಿರು ಬಣ್ಣದಲ್ಲಿ. ನಿಲ್ಲಿಸುತ್ತಾರೆ.

ಮೇಲೆ ಹೋದರೆ ಹೆಂಡತಿಯ ಪ್ರಶ್ನೆ ಒಂದೇ. “ಎರಡೂ ಕುಡದ್ವು?”

“ಕುಡದ್ವು,” ಎನ್ನುತ್ತೀರಿ.

ಅಂಗಡಿಯಲ್ಲಿ ಒಂದು ಗ್ರಾಂ ಕಡಿಮೆ ತೂಗದವರು ನೀವು.

ಒಂಬತ್ತನೇ ದಿನ, ಮಧ್ಯಾಹ್ನ. ನೀವು ಮಗಳ ಪಕ್ಕದಲ್ಲೇ ನಿಂತಿದ್ದೀರಿ. ಪರದೆಯಲ್ಲಿ ರಕ್ತದ ಆಮ್ಲಜನಕದ ನೀಲಿ ಅಂಕಿ 92. ಅವಳು ಮಲಗಿದ್ದಾಳೆ, ಶಾಂತವಾಗಿ. ತೀರಾ ಶಾಂತವಾಗಿ. 88. ಎದೆ ಏಳುತ್ತಿಲ್ಲ. 79. ನೀವು ಕೂಗಬೇಕು, ಗಂಟಲು ಒಣಗಿದೆ. 66. ತುಟಿ ಸೀಸದ ಬಣ್ಣ. ಗಂಟೆ ಬಡಿಯುತ್ತದೆ. ಸಿಸ್ಟರ್ ಬರುತ್ತಾರೆ, ಓಡುವುದೂ ಇಲ್ಲ, ಬೆರಳಿನಿಂದ ಅಂಗಾಲಿಗೆ ಟಪ್ ಎಂದು ಒಂದು ಹೊಡೆಯುತ್ತಾರೆ. ಏನಿಲ್ಲ. ಇನ್ನೊಂದು. ಕಾಲು ಜಾಡಿಸುತ್ತದೆ. ಬಾಯಿ ತೆರೆಯುತ್ತದೆ. 71. 84. 93.

“ಉಸಿರಾಡೂದ ಮರೀತಾವ್ರೀ ಇವು. ನೆನಪು ಮಾಡ್ಬೇಕು.” ಅದಕ್ಕೊಂದು ಔಷಧಿಯೂ ನಡೆದಿದೆ: ಕೆಫೀನ್. ಚಿಕ್ಕಮಗಳೂರಿನ ಕಾಫಿಬೀಜದಲ್ಲಿ ಇರುವುದೇ, ನೀವು ಪುಡಿಯಾಗಿ ಮಾರುವುದೇ.

ಅಂಕಿ 97ಕ್ಕೆ ಏರುತ್ತದೆ, ನಿಮ್ಮ ಜೀವ ಮರಳುತ್ತದೆ. ಆಗ ಆಕೆ ಆಮ್ಲಜನಕದ ಗುಂಡಿ ಹಿಂದಕ್ಕೆ ತಿರುಗಿಸುತ್ತಾರೆ. ನಿಮ್ಮ ಕೈ ತಾನೇ ಮುಂದೆ ಚಾಚುತ್ತದೆ, ತಡೆಯಲು. “ಹೆಚ್ಚಾದ್ರ ಕಣ್ಣು ಹೋಗ್ತಾವ,” ಎನ್ನುತ್ತಾರೆ ಆಕೆ, ನಿಮ್ಮತ್ತ ನೋಡದೆ. ಉಳಿಸುವ ಗಾಳಿಯೇ ಕಣ್ಣಿನ ಹಿಂದಿನ ಎಳೆ ರಕ್ತನಾಳಗಳನ್ನು ಕೆಡಿಸಬಲ್ಲದು. ಅದಕ್ಕೇ 95ರ ಮೇಲೆ ಬಿಡುವುದಿಲ್ಲ. ತಿಂಗಳು ತುಂಬುವ ಮೊದಲು ಕಣ್ಣು ತೋರಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ‘ಕಿಡ್‌ರಾಪ್’ ಎಂಬ ಹೆಸರಲ್ಲಿ ರಾಜ್ಯದ ಜಿಲ್ಲೆಗಳಿಗೆ ಕ್ಯಾಮೆರಾ ಹೊತ್ತು ತಿರುಗುತ್ತಿರುವುದು ಇಂಥ ಕಣ್ಣುಗಳಿಗಾಗಿಯೇ. ಅದು ಮುಂದಿನ ಭಯ. ಈಗಿನದೇ ಸಾಕಷ್ಟಿದೆ.

ಹದಿಮೂರನೇ ದಿನ ಇಬ್ಬರ ಮೂಗಿನ ನಳಿಕೆಯನ್ನೂ ತೆಗೆಯುತ್ತಾರೆ. ಬುಳಬುಳ ನಿಂತ ಕೋಣೆ ಹೆದರಿಸುತ್ತದೆ. ಮರುದಿನ ಸಿಸ್ಟರ್ ನಿಮ್ಮನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಒರಗಿಸಿ ಕೂರಿಸುತ್ತಾರೆ. “ಅಂಗಿ ಬಿಚ್ರಿ.”

“ನಾನಾ?”

“ಬಾಣಂತಿಗೆ ಜ್ವರ. ನೀವಽ ಅಲ್ಲೇನ್ರಿ ಅಪ್ಪ?”

1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಪೆಟ್ಟಿಗೆಗಳು ಸಾಲದೆ ಡಾಕ್ಟರ್ ಎಡ್ಗರ್ ರೇ ಎಂಬಾತ ತಾಯಂದಿರ ಎದೆಗೇ ಕೂಸು ಕಟ್ಟಿಸಿದ. ಕಾಂಗರೂ ಆರೈಕೆ ಎಂದು ಹೆಸರಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಇದನ್ನು ನಿಮ್ಮ ಕೊಪ್ಪಳ ಜಿಲ್ಲೆಯಲ್ಲೇ ಹಬ್ಬಿಸಲು ದುಡಿದಿದ್ದಾರೆ. ನಿಮಗೆ ಮಾತ್ರ ಈಗ ತಲೆಯಲ್ಲಿರುವುದು ನಾಚಿಕೆ: ನಾಲ್ಕು ಹೆಂಗಸರ ಮುಂದೆ ಬರಿಮೈ. ಜೊತೆಗೆ ಕಾರದಪುಡಿ. ಬೆಳಗ್ಗೆ ಎರಡು ಸಲ ಮಿಂದಿದ್ದೀರಿ, ಆದರೂ ಹತ್ತು ವರ್ಷದ ಕಾರ ಚರ್ಮದೊಳಗೇ ಕೂತಿದ್ದರೆ?

“ಯಾವುದನ್ನ ಮದ್ಲ ಕೊಡ್ಲಿ?”

ಕೋಣೆಯಲ್ಲಿ ಎರಡು ಹಾಸಿಗೆ, ಎರಡು ಪರದೆ. ಅಣ್ಣ ಈಗ ಒಳಲೆಯ ತುದಿಗೆ ತುಟಿ ಚಾಚುತ್ತಾನೆ. ತಂಗಿ ಹುಟ್ಟಿದ ತೂಕವನ್ನೇ ಇನ್ನೂ ಮುಟ್ಟಿಲ್ಲ, 905. ಎತ್ತಿದರೆ ಏನಾದರೂ ಆದರೆ? ಆದರೆ, ನಿಮ್ಮ ಎದೆಯ ಮೇಲೇ ಆಗುತ್ತದೆ.

“ಸಣ್ಣಾಕಿನ್ನ.”

ಟೊಪ್ಪಿಗೆ, ಕಾಲುಚೀಲ, ಒಂದು ಲಂಗೋಟಿ. ಕಪ್ಪೆಯಂತೆ ಕೈಕಾಲು ಮಡಿಸಿ ಎದೆಯ ನಡುವೆ ಇಡುತ್ತಾರೆ, ತಲೆ ಒಂದು ಪಕ್ಕಕ್ಕೆ, ಸುತ್ತ ಬಟ್ಟೆ ಬಿಗಿದು ಗಂಟು. ನಿಮ್ಮ ಅಂಗೈ ಅಭ್ಯಾಸದಿಂದ ತೂಕ ಹುಡುಕುತ್ತದೆ, ಸಿಕ್ಕುವುದಿಲ್ಲ. ಸಿಕ್ಕುವುದು ಬಿಸಿ. ಆಮೇಲೆ ಅವಳ ಉಸಿರು, ಗುಬ್ಬಿಯದರಂತೆ ಗಡಿಬಿಡಿಯದು. ನಿಮ್ಮ ಎದೆ ಏರಿದರೆ ಅವಳೂ ಏರುತ್ತಾಳೆ. ಅಲುಗಾಡಲು ಹೆದರಿ ನೀವೇ ಉಸಿರು ಹಿಡಿಯುತ್ತೀರಿ. ಅವಳು ನಿಲ್ಲಿಸುತ್ತಾಳೆ. ಒಂದು, ಎರಡು, ಮೂರು. ಗಂಟೆ ಬಡಿಯುವ ಮುಂಚೆ ನಿಮ್ಮ ಬೆರಳು ಬಟ್ಟೆಯೊಳಗೆ ಇಳಿದು ಬಟಾಣಿಯಷ್ಟಿರುವ ಹಿಮ್ಮಡಿಯನ್ನು ಹುಡುಕಿ ತಟ್ಟುತ್ತದೆ. ಅವಳು ಮುಲುಗುತ್ತಾಳೆ, ಬೈದ ಹಾಗೆ, ಮತ್ತೆ ಶುರು ಮಾಡುತ್ತಾಳೆ. 91. 94.

ಆಚೆ ಹಾಸಿಗೆಯಲ್ಲಿ ಅಣ್ಣ ಅಳಲು ಹಿಡಿದಿದ್ದಾನೆ, ಬೆಕ್ಕಿನ ಮರಿಯ ದನಿಯಲ್ಲಿ.

“ಅವನ್ನೂ ತರ್ಲೇನ್ರಿ?” ಸಿಸ್ಟರ್ ಕೇಳುತ್ತಾರೆ.

ನೀವು ತಂಗಿಯನ್ನು ಎರಡು ಬೆರಳಷ್ಟು ಎಡಕ್ಕೆ ಸರಿಸುತ್ತೀರಿ.