ನಿದ್ದೆಗೆ ನೂರೆಂಟು ಮದ್ದು

ನಿದ್ದೆ ಬರುತ್ತಿಲ್ಲ ಎಂದು ಯಾರ ಹತ್ತಿರವಾದರೂ ಹೇಳಿ ನೋಡಿ, ಕೇಳಿದವರು ಆ ಕ್ಷಣವೇ ವೈದ್ಯರಾಗಿಬಿಡುತ್ತಾರೆ. ಹೊಟ್ಟೆನೋವೆಂದರೆ ಡಾಕ್ಟರಿಗೆ ತೋರಿಸಿ ಎನ್ನುವ ಜನ, ನಿದ್ದೆಯ ವಿಷಯ ಬಂದರೆ ಮಾತ್ರ ತಮ್ಮ ಜೋಳಿಗೆಯಿಂದಲೇ ಮದ್ದು ತೆಗೆದುಕೊಡುತ್ತಾರೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದೇ ಮಧ್ಯಾಹ್ನದ ಬಿಡುವಿನಲ್ಲಿ ನನಗೆ ಏಳು ಮದ್ದು ಸಿಕ್ಕಿದ್ದವು. ಹಿಂದಿ ಮೇಡಂ ಬಿಸಿ ಹಾಲು ಎಂದರು. ಡ್ರಿಲ್ ಮೇಷ್ಟ್ರು ಸಂಜೆ ಮೈದಾನಕ್ಕೆ ನಾಲ್ಕು ಸುತ್ತು ಹಾಕಿ ಎಂದರು. ಗಣಿತದ ಮೇಷ್ಟ್ರು, ಸಾವಿರದಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. 'ಲೆಕ್ಕ ತಪ್ಪಿದರೆ?' ಎಂದೆ. 'ಮತ್ತೆ ಸಾವಿರದಿಂದ ಶುರು ಮಾಡಿ' ಎಂದರು. ಅವರ ತರಗತಿಯಲ್ಲಿ ಮಕ್ಕಳು ತೂಕಡಿಸುವ ಗುಟ್ಟು ನನಗೆ ಅಂದು ತಿಳಿಯಿತು.

ಬಿಸಿಯೂಟದ ಅಡುಗೆಯಾಕೆ ಮಾತ್ರ ಪಾತ್ರೆ ಎತ್ತಿಕೊಂಡು ಹೋಗುತ್ತಾ ಬಾಗಿಲಲ್ಲಿ ನಿಂತು, 'ಅಂಗಾಲಿಗೆ ಹರಳೆಣ್ಣೆ ತಿಕ್ಕಿಸ್ಕೊಳ್ಳಿ ಮೇಡಂ, ತಿಕ್ಕೋರು ಯಾರಾದ್ರೂ ಇದ್ರೆ' ಎಂದಳು. ಎಲ್ಲರೂ ನಕ್ಕರು. ಆ ಕೊನೆಯ ಮಾತೇ ಮದ್ದಿನ ಮುಖ್ಯ ಭಾಗವೆಂಬುದು ಯಾರಿಗೂ ಹೊಳೆಯಲಿಲ್ಲ.

ಲಕ್ಷ್ಮಣ ಕಾಡಿಗೆ ಹೊರಟಾಗ ಹದಿನಾಲ್ಕು ವರ್ಷ ತನ್ನ ಬಳಿ ಬರಬೇಡವೆಂದು ನಿದ್ರಾದೇವಿಯನ್ನು ಬೇಡಿಕೊಂಡನಂತೆ. ಅವನ ಪಾಲಿನ ನಿದ್ದೆಯನ್ನೆಲ್ಲ ಊರ್ಮಿಳೆ ಮಲಗಿದಳಂತೆ. ಜನಪದರು ಹೇಳುವ ಈ ಕತೆ ನಮ್ಮ ಮನೆಗಳಲ್ಲಿ ತಿರುಗುಮುರುಗಾಗಿದೆ. ಇಲ್ಲಿ ಎಲ್ಲರ ಪಾಲಿನ ಎಚ್ಚರವನ್ನೂ ಹೊತ್ತವಳು ಮನೆಯಾಕೆ. ಮಗುವಿಗೆ ಜ್ವರ ಬಂದರೆ ಅವಳಿಗೆ ಎಚ್ಚರ, ಮಗನಿಗೆ ಪರೀಕ್ಷೆಯಾದರೆ ಅವಳಿಗೆ ಎಚ್ಚರ, ಬೆಳಗಿನ ಬಸ್ಸಿಗೆ ಯಾರೇ ಹೊರಟರೂ ಅಲಾರಂ ಇಟ್ಟುಕೊಳ್ಳುವವಳು ಅವಳು. ಇಷ್ಟಾಗಿಯೂ ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಅಡ್ಡಾದರೆ, 'ಏನು, ಮೈ ಹುಷಾರಿಲ್ಲವೇ?' ಎಂದು ಕೇಳುತ್ತಾರೆ.

ನಮ್ಮ ಅತ್ತೆಯವರು 2016ರಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಮೂರು ವರ್ಷ ಅವರ ಮಗ್ಗುಲಲ್ಲೇ ನನ್ನ ಹಾಸಿಗೆ. ರಾತ್ರಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ 'ಎಚ್ಚರ ಇದೀಯೇನೇ?' ಎನ್ನುವರು. ನೀರು ಕೊಡುವುದು, ಮಗ್ಗುಲು ಬದಲಿಸುವುದು, ಕೆಲವೊಮ್ಮೆ ಸುಮ್ಮನೆ ಕೈ ಹಿಡಿದುಕೊಂಡು ಕೂರುವುದು. ಅವರು 2019ರಲ್ಲಿ ತೀರಿಕೊಂಡರು. ಇನ್ನಾದರೂ ನೀನು ನೆಮ್ಮದಿಯಾಗಿ ಮಲಗಬಹುದು ಎಂದು ನೆಂಟರೆಲ್ಲ ಅಂದರು. ಆದರೆ ಕಿವಿಗೆ ಯಾರು ಹೇಳಬೇಕು? ಕರೆಯುವವರಿಲ್ಲದಿದ್ದರೂ ಎರಡಕ್ಕೆ ಸರಿಯಾಗಿ ಕಣ್ಣು ಬಿಡುತ್ತಿತ್ತು. ಅದರ ಜೊತೆಗೆ ಐವತ್ತರ ಗಡಿಯ ಮುಟ್ಟು ನಿಲ್ಲುವ ಕಾಲ. ಮಾಗಿಯ ಚಳಿಯಲ್ಲೂ ಮೈ ಒಮ್ಮೆಲೇ ಕಾದು, ಹೊದಿಕೆ ಕಿತ್ತೆಸೆಯುವಂತಾಗುತ್ತಿತ್ತು. ಈ ವಿಷಯವನ್ನು ಹೆಂಗಸರು ತಮ್ಮತಮ್ಮಲ್ಲಿಯೇ ಪಿಸುಗುಡುತ್ತಾರೆಯೇ ಹೊರತು ಬಾಯಿಬಿಟ್ಟು ಹೇಳುವುದಿಲ್ಲ.

ಮದ್ದುಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ. ಗಸಗಸೆ ಪಾಯಸದ ಮಹಿಮೆ ಮದುವೆ ಊಟ ಉಂಡವರಿಗೆಲ್ಲ ಗೊತ್ತು. ಗಸಗಸೆ ಅಫೀಮು ಗಿಡದ್ದೇ ಬೀಜ. ಯುಎಇಯಂಥ ದೇಶಗಳಲ್ಲಿ ಅದನ್ನು ಒಯ್ಯುವುದು ಅಪರಾಧ, ಆದ್ದರಿಂದ ದುಬೈನ ಮಗಳಿಗೆ ಪೊಟ್ಟಣ ಕಟ್ಟಿಕೊಡುವ ತಾಯಂದಿರು ಎಚ್ಚರದಿಂದಿರಬೇಕು. ಆದರೆ ಶುದ್ಧ ಮಾಡಿದ ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ. ಮದುವೆ ಮನೆಯ ನಿದ್ದೆಯಲ್ಲಿ ಹೋಳಿಗೆ ತುಪ್ಪದ ಪಾಲೇ ದೊಡ್ಡದಿರಬೇಕು. ಜಾಯಿಕಾಯಿಯನ್ನು ಸಾಣೆಕಲ್ಲಿನಲ್ಲಿ ಎರಡು ಸುತ್ತು ತೇಯ್ದು ಹಾಲಿಗೆ ಹಾಕುವುದುಂಟು. ಪರಿಮಳಕ್ಕೆ ಸರಿ, ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ, ತಲೆ ಕೆಡುತ್ತದೆ. ಮನೆಮದ್ದೆಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನುವಂತಿಲ್ಲ.

ಇವೆಲ್ಲದರಲ್ಲಿ ಕೈ ಹಿಡಿದದ್ದು ಅಂಗಾಲಿನ ಎಣ್ಣೆ. ಅದಕ್ಕೆ ಕಾರಣವೂ ಉಂಟು. ನಿದ್ದೆಗೆ ಮುಂಚೆ ದೇಹದ ಒಳಗಿನ ಶಾಖ ತುಸು ಇಳಿಯಬೇಕಂತೆ. ಅಂಗಾಲು ಬೆಚ್ಚಗಾದರೆ ಅಲ್ಲಿನ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ. ಕಂಚಿನ ಬಟ್ಟಲಿನಿಂದ ಅಂಗಾಲು ತಿಕ್ಕುತ್ತಿದ್ದ, ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂರಿಸುತ್ತಿದ್ದ ಅಜ್ಜಿಯರಿಗೆ ಈ ವಿವರಣೆ ಬೇಕಾಗಿರಲಿಲ್ಲ.

ಕೊನೆಗೆ ಡಾಕ್ಟರಲ್ಲಿಗೂ ಹೋದೆ. ಮಾತ್ರೆ ಬರೆದುಕೊಡುತ್ತಾರೆಂದುಕೊಂಡಿದ್ದರೆ ಅವರು ಟೈಂಟೇಬಲ್ ಬರೆದುಕೊಟ್ಟರು. ನಿದ್ದೆಮಾತ್ರೆ ಅಭ್ಯಾಸವಾದರೆ ಬಿಡುವುದು ಕಷ್ಟ, ವಯಸ್ಸಾದವರು ಅದರ ಮಂಪರಿನಲ್ಲಿ ಬೀಳುವುದೂ ಹೆಚ್ಚು ಎಂದರು. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿದ್ದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ಹಾಸಿಗೆಯಲ್ಲಿ ಉತ್ತರಪತ್ರಿಕೆ ತಿದ್ದಬಾರದು, ಫೋನು ನೋಡಬಾರದು. ಸುಮಾರು ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂತು, ತೂಕಡಿಕೆ ಬಂದ ಮೇಲೆಯೇ ಮರಳಬೇಕು. ಇಲ್ಲದಿದ್ದರೆ ಹಾಸಿಗೆಯೆಂದರೆ ಹೊರಳಾಡುವ ಜಾಗ ಎಂದು ಮನಸ್ಸು ಪಾಠ ಕಲಿತುಬಿಡುತ್ತದೆ. ಗೊರಕೆಯ ನಡುವೆ ಉಸಿರುಕಟ್ಟಿದಂತಾಗುವುದು, ಥೈರಾಯ್ಡ್, ಮನಸ್ಸಿನ ಬೇಗುದಿ ಇದ್ದರೆ ಅವಕ್ಕೆ ಬೇರೆಯೇ ಚಿಕಿತ್ಸೆ ಬೇಕು ಎಂದೂ ಹೇಳಿದರು.

ಕಷ್ಟವಾದದ್ದು ಸಂಜೆಯ ಕಾಫಿ. ಕುಡಿದು ಐದಾರು ಗಂಟೆಯಾದರೂ ಅದರ ಕೆಫೀನಿನಲ್ಲಿ ಅರ್ಧದಷ್ಟು ಮೈಯಲ್ಲೇ ಇರುತ್ತದಂತೆ. ಶಾಲೆಯಿಂದ ಬಂದ ಮೇಷ್ಟರಮ್ಮನಿಗೆ ಐದು ಗಂಟೆಯ ಕಾಫಿ ಬಿಡು ಎನ್ನುವುದು ಸಂಬಳದಲ್ಲಿ ಕಡಿತ ಮಾಡಿದಷ್ಟೇ ಕಠಿಣ. ಸುಲಭವಾದದ್ದು ಬೆಳಗಿನ ಬೆಳಕು. ನಮ್ಮೊಳಗೂ ಒಂದು ಗಡಿಯಾರವಿದೆ, ಅದು ಹೇಗೆ ಓಡುತ್ತದೆಂದು ತೋರಿಸಿಕೊಟ್ಟ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಆ ಗಡಿಯಾರಕ್ಕೆ ದಿನವೂ ಕೀಲಿ ಕೊಡುವುದು ಬೆಳಗಿನ ಬೆಳಕು. ಅಂಗಳ ಗುಡಿಸಿ ರಂಗೋಲಿ ಹಾಕುವವಳಿಗೆ ಅದು ಪುಕ್ಕಟೆಯಾಗಿ ಸಿಗುತ್ತದೆ.

ಇಷ್ಟೆಲ್ಲ ಆದರೂ ಒಂದು ಉಳಿದಿತ್ತು. ರಾತ್ರಿ ಮಲಗಿದ ಮೇಲೆ ನನ್ನ ಮನಸ್ಸು ಮನೆಯೆಲ್ಲ ಸುತ್ತುತ್ತಿತ್ತು. ಹಿತ್ತಿಲ ಕದದ ಚಿಲಕ, ಗ್ಯಾಸು, ಹೆಪ್ಪು, ನೆನೆಹಾಕಿದ ಕಾಳು, ತೊಟ್ಟಿಕ್ಕುವ ನಲ್ಲಿ. ಒಂದು ದಿನ ಯಜಮಾನರಿಗೆ, 'ಇವತ್ತಿನಿಂದ ಚಿಲಕ, ಗ್ಯಾಸು, ಹೆಪ್ಪು ನಿಮ್ಮದು. ಆಯಿತು ಎಂದು ನನಗೆ ಬಾಯಿಬಿಟ್ಟು ಹೇಳಿ ಮಲಗಬೇಕು' ಎಂದೆ. ಮೊದಲ ವಾರ ಎರಡು ದಿನ ಮೊಸರೇ ಆಗಲಿಲ್ಲ. ಹಾಲನ್ನವನ್ನೇ ಉಂಡೆವು, ಮನೆಯೇನೂ ಮುಳುಗಲಿಲ್ಲ. ಈಗ ಹತ್ತೂವರೆಗೆ ಅಡುಗೆಮನೆಯ ದೀಪ ಆರುತ್ತದೆ, ಹಿತ್ತಿಲ ಚಿಲಕ ಟಕ್ಕೆನ್ನುತ್ತದೆ, 'ಆಯ್ತು ಕಣೇ' ಎಂಬ ದನಿ ಬರುತ್ತದೆ. ಎಷ್ಟೋ ದಿನ ಆ ಮಾತು ಅರ್ಧ ಕೇಳಿದ ಹಾಗಿರುತ್ತದೆ, ಅಷ್ಟೆ.

ಎರಡು ಗಂಟೆಗೆ ಈಗಲೂ ಒಮ್ಮೊಮ್ಮೆ ಎಚ್ಚರವಾಗುವುದುಂಟು. ಆಗ ಅತ್ತೆಯವರನ್ನು ನೆನೆದು, ಮಗ್ಗುಲು ಬದಲಿಸಿ ಮಲಗುತ್ತೇನೆ. ಹಾಲು, ಎಣ್ಣೆ, ನಡಿಗೆ ಎಲ್ಲವೂ ಒಳ್ಳೆಯವೇ. ಅವುಗಳ ಜೊತೆಗೆ ಅಡುಗೆಯಾಕೆ ಹೇಳಿದ ಆ ಇನ್ನೊಂದು ಕೈಯೂ ಬೇಕು. ನಿಮ್ಮ ಮನೆಯಲ್ಲಿ ರಾತ್ರಿ ಎಲ್ಲರಿಗಿಂತ ಕೊನೆಗೆ ಮಲಗುವವರು ಯಾರೆಂದು ಒಮ್ಮೆ ನೋಡಿ. ಅವರಿಗಿಂತ ಮೊದಲು ನೀವು ಎದ್ದುಹೋಗಿ ಚಿಲಕ ಹಾಕಿ ಬನ್ನಿ.