ಕಾಲೆತ್ತದ ಕುದುರೆ

ಮುಂಬೈಯ ಕುದುರೆ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ. ಒಂದು ಮಹಾಲಕ್ಷ್ಮಿಯ ರೇಸು, ಇನ್ನೊಂದು ಗೇಟ್‌ವೇ ಹತ್ತಿರದ ವಿಕ್ಟೋರಿಯಾ ಗಾಡಿ. ಕುದುರೆ ಎಳೆಯುವ ಆ ಗಾಡಿಯ ಮೋಜಿನ ಸವಾರಿ ಕಾನೂನಿಗೆ ವಿರುದ್ಧ, ಒಂದು ವರ್ಷದೊಳಗೆ ನಿಲ್ಲಿಸಿ ಅಂತ 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟು ತೀರ್ಪು ಕೊಟ್ಟಿತು. ಆದರೆ ಮೂರನೆಯದೊಂದು ಕುದುರೆ ಇದೆ ನೋಡಿ, ಮದುವೆಯ ಘೋಡಿ. ಬಿಳಿ ಮೈ, ಜರಿ ಹೊದಿಕೆ, ಮೇಲೆ ಬೆವರುತ್ತಾ ಕೂತ ವರ!

ಕುರ್ಲಾದ ನಮ್ಮ ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಅಂಥ ಘೋಡಿ ಸಾಕಿದವರ ಮನೆಯಿದೆ. ಕಳೆದ ಮದುವೆ ಸೀಜನ್ನಿನಲ್ಲಿ ಒಂದು ಭಾನುವಾರ ಹಾಲು ತರಲು ಹೋದವನು ಅಲ್ಲೇ ನಿಂತುಬಿಟ್ಟೆ. ಲಾಳ ಬದಲಿಸಲು ವಯಸ್ಸಾದ ನಾಲ್‌ಬಂದ್ ಬಂದಿದ್ದರು. ಘೋಡಿ ಮಾತ್ರ ಎಡ ಮುಂಗಾಲನ್ನು ನೆಲಕ್ಕೆ ಅಂಟಿಸಿಕೊಂಡು ನಿಂತಿತ್ತು. ತಟ್ಟಿದರೂ ಇಲ್ಲ, ಬೆಲ್ಲ ತೋರಿಸಿದರೂ ಇಲ್ಲ. ಸಂಜೆ ಬಾರಾತ್ ಬೇರೆ ಇತ್ತು. ಮಾಲೀಕರ ಮಗ ಕೋಲು ತಂದ.

"ನಖ್ರಾ ಮಾಡ್ತಿದೆ ಚಾಚಾ, ನಾಲ್ಕು ಬಿದ್ದರೆ ಸರಿಹೋಗ್ತದೆ" ಅಂದ.

ಮುದುಕರು ಹಿಂದಿಯಲ್ಲಿ ಹೇಳಿದ್ದರ ಅರ್ಥ ಇಷ್ಟು: "ಎತ್ತದ ಕಾಲು ಬಿಡು ಬೇಟಾ, ಊರಿದ ಕಾಲು ನೋಡು."

ನಾನು ಬಿ.ಕಾಂ. ಓದಿದವನು, ಮೂವತ್ತು ವರ್ಷ ಬ್ಯಾಂಕಿನ ಲೆಕ್ಕದಲ್ಲೇ ಕಳೆದವನು. ನನಗೆ ಆ ಮಾತು ಥಟ್ಟನೆ ಹಿಡಿಸಿತು. ಒಂದು ಖಾತೆಯಿಂದ ತೆಗೆದದ್ದು ಇನ್ನೊಂದು ಖಾತೆಗೆ ಹೋಗಲೇಬೇಕಲ್ಲ! ಕುದುರೆಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಇರುತ್ತದೆ. 400 ಕಿಲೋ ಘೋಡಿ ಅಂದರೆ ಎರಡು ಮುಂಗಾಲಿಗೆ 240 ಕಿಲೋ. ಎಡಗಾಲು ಎತ್ತಿದರೆ ಅದರ ಭಾರದ ದೊಡ್ಡ ಪಾಲು ಬಲಗಾಲಿನ ಮೇಲೆ ಬೀಳುತ್ತದೆ. ಬಲಗಾಲೇ ನೋಯುತ್ತಿದ್ದರೆ ಅದು ಹೇಗೆ ಎತ್ತೀತು ಹೇಳಿ?

ಚಾಚಾ ಬಗ್ಗಿ ಎರಡೂ ಗೊರಸಿನ ಮೇಲೆ ಅಂಗೈ ಇಟ್ಟರು. ಬಲಗಡೆಯದು ಬಿಸಿ. ಗೊರಸಿನ ಮೇಲಿನ ಗಿಣ್ಣಿನ ಹಿಂಭಾಗದಲ್ಲಿ ಬೆರಳಿಟ್ಟರು. ಆರೋಗ್ಯವಿದ್ದ ಕುದುರೆಗೆ ಅಲ್ಲಿ ನಾಡಿ ಹುಡುಕಿದರೂ ಸಿಗುವುದು ಕಷ್ಟ. ಇಲ್ಲಿ ಢವಢವ ಅಂತ ಹೊಡೆಯುತ್ತಿತ್ತು. ಆಮೇಲೆ ನೋಡಿದರೆ ಘೋಡಿ ಆಗಾಗ ಬಲಗಾಲನ್ನು ಮುಂದೆ ಚಾಚಿ ಹಗುರ ಮಾಡಿಕೊಳ್ಳುತ್ತಲೇ ಇತ್ತು. ಹಿಂದಿನ ರಾತ್ರಿ ಸ್ವಲ್ಪ ಕುಂಟಿದ್ದನ್ನು ಮನೆಯವರು ದಣಿವು ಅಂದುಕೊಂಡಿದ್ದರಂತೆ. ಕುದುರೆ ಬೇಟೆಗೆ ಬಲಿಯಾಗುವ ಜಾತಿ. ಕಾಡಿನಲ್ಲಿ ನೋವು ತೋರಿಸಿಕೊಂಡದ್ದು ಮೊದಲು ಸಾಯುತ್ತದೆ. ಹಾಗಾಗಿ ಆದಷ್ಟೂ ಮುಚ್ಚಿಡುತ್ತದೆ.

ಮಧ್ಯಾಹ್ನ ಡಾಕ್ಟರು ಬಂದು ಗೊರಸಿನ ಅಡಿಯನ್ನು ಇಕ್ಕಳದಿಂದ ಅಲ್ಲಲ್ಲಿ ಒತ್ತಿದರು. ಒಂದು ಕಡೆ ಘೋಡಿ ಬೆಚ್ಚಿತು. ಅಲ್ಲಿ ಕೆತ್ತಿದಾಗ ಕಪ್ಪು ಕೀವು ಹೊರಬಂತು. ರಸ್ತೆಯ ಮೊಳೆ ಚುಚ್ಚಿತ್ತು. ಬಿಸಿನೀರಿನ ಉಪ್ಪಿನ ಶಾಖ, ಪಟ್ಟಿ, ಜೊತೆಗೆ ಧನುರ್ವಾಯು ಇಂಜೆಕ್ಷನ್ (ಕುದುರೆಗೆ ಅದು ಬಹಳ ಬೇಗ ತಗಲುತ್ತದೆ). ಎರಡು ವಾರ ವಿಶ್ರಾಂತಿ. ಮೂರು ಮದುವೆಯ ಅಡ್ವಾನ್ಸ್ ವಾಪಸ್ ಕೊಡಬೇಕಾಯಿತು. ಆ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದರೂ ಮಾಲೀಕರು, "ದೂಲ್ಹಾನನ್ನು ಹೊತ್ತು ಬ್ಯಾಂಡಿನ ನಡುವೆ ಬಿದ್ದಿದ್ದರೆ?" ಅಂದು ಸುಮ್ಮನಾದರು. ಮಗ ಕೋಲನ್ನು ಒಳಗಿಟ್ಟ.

ಎಲ್ಲ ಸಲವೂ ಮೊಳೆಯೇ ಅಂತಲ್ಲ. ಚಾಚಾನ ಹತ್ತಿರ ಆಮೇಲೆ ಕೇಳಿ ತಿಳಿದುಕೊಂಡೆ. ವಯಸ್ಸಾದ ಕುದುರೆಗೆ ಕೀಲುನೋವಿದ್ದರೆ ಕಾಲು ಮಡಚಲಾಗದು, ತೀರಾ ಮೇಲಕ್ಕೆತ್ತದೆ ತಗ್ಗಿನಲ್ಲೇ ಹಿಡಿಯಬೇಕು. ನೆಲ ಜಾರುತ್ತಿದ್ದರೆ ಎತ್ತದು. ನಾಲ್ಕೂ ಕಾಲು ಸಮವಾಗಿ ಊರಿ ನಿಲ್ಲುವ ಮೊದಲೇ ಎಳೆದರೆ ಎತ್ತದು. ಹಿಡಿದವನು ಕಾಲನ್ನು ಪಕ್ಕಕ್ಕೆ ಎಳೆದರೆ ಭುಜ ನೋಯುತ್ತದೆ. ಹಿಂದೊಮ್ಮೆ ಲಾಳ ಹೊಡೆಯುವಾಗ ಪೆಟ್ಟು ತಿಂದಿದ್ದರೆ ಸುತ್ತಿಗೆ ಸದ್ದಿಗೇ ಗಡಗಡ. ಇಷ್ಟೆಲ್ಲ ನೋಡಿದ ಮೇಲೆ ಕೊನೆಗೆ ಉಳಿಯುವುದು ಹಠ. ನಾವು ಶುರುಮಾಡುವುದೇ ಅಲ್ಲಿಂದ!

ವಿಜಾಪುರದಲ್ಲಿ (ಈಗ ವಿಜಯಪುರ) ನಮ್ಮ ಕಾಕಾ ಸ್ಟೇಷನ್ನಿನಿಂದ ಗೋಳಗುಮ್ಮಟಕ್ಕೆ ಟಾಂಗಾ ಹೊಡೆಯುತ್ತಿದ್ದರು. ಬೆಳಗಿನ ಚಹಾಕ್ಕಿಂತ ಮೊದಲು ನಾಲ್ಕೂ ಗೊರಸು ಮುಟ್ಟಿ ನೋಡುವುದು ಅವರ ರೂಢಿ. "ಯಾಕ ಕಾಕಾ?" ಅಂದರೆ, "ಅದಕ್ಕ ಬಾಯಿಲ್ಲೋ ತಮ್ಮಾ, ನಾವs ಕೇಳಬೇಕು" ಅನ್ನುತ್ತಿದ್ದರು.

ಕಂತು ಕಟ್ಟದೆ ಸುಮ್ಮನೆ ನಿಲ್ಲುವ ಗಿರಾಕಿಗಳು ನಮ್ಮ ಕೌಂಟರಿಗೂ ಬರುತ್ತಾರೆ. ಈಗ ನಾನು ನೋಟೀಸಿನ ಫಾರಂ ತೆಗೆಯುವ ಮೊದಲು ಕುರ್ಚಿ ತೋರಿಸಿ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಅಂತ ಕೇಳುತ್ತೇನೆ.