ಅಮ್ಮಿಯ ಪೆಟ್ಟಿಗೆಯ ಒಂಟಿ ಬುಗುಡಿ



ನಿಮ್ಮ ತಿಜೋರಿಯ ಮೂಲೆಯಲ್ಲೂ ಒಂದು ಬಟ್ಟೆಯ ಗಂಟು ಇರಬಹುದು. ಜೋಡಿ ಕಳೆದುಕೊಂಡ ಬುಗುಡಿ, ಕೊಂಡಿ ಮುರಿದ ಕಾಲ್ಗೆಜ್ಜೆ, ದಾರ ಹರಿದ ಲಚ್ಛಾ. ಧರಿಸಲು ಬಾರದು, ಮಾರಲು ಮನಸ್ಸಾಗದು. ಅಂಥದೊಂದು ಗಂಟು ನನಗೆ ಕಲಿಸಿದ ಪಾಠವನ್ನು ಇಲ್ಲಿ ಹೇಳುತ್ತಿದ್ದೇನೆ.

ಅಮ್ಮಿ ತೀರಿಕೊಂಡ ಮೇಲೆ ಒಂದು ದಿನ ಸವಣೂರಿನ ತವರುಮನೆಯಲ್ಲಿ ಅವರ ಪೆಟ್ಟಿಗೆ ತೆರೆದೆವು. ಹಿರೇಕೆರೂರಿನಿಂದ ಆಪಾ, ಹಾನಗಲ್ಲಿನಿಂದ ತಂಗಿ, ಶಿಗ್ಗಾಂವಿಯಿಂದ ನಾನು ಬಂದಿದ್ದೆವು. "ತಾಯಿಯ ಒಡವೆ ಹೆಣ್ಣುಮಕ್ಕಳದ್ದೇ" ಎನ್ನುತ್ತಾ ಆಪಾ ಮೂರು ಪಾಲು ಮಾಡತೊಡಗಿದರು. ಅಣ್ಣ ತಲೆ ತಗ್ಗಿಸಿ ಕುಳಿತಿದ್ದ. ಮಕ್ಕಳಿಗೆ ವಾರಸು ಹಕ್ಕಿನ ಪಾಠ ಹೇಳುವ ನಾನೂ ಬಾಯಿ ತೆರೆಯಲಿಲ್ಲ. ಬೋರಮಾಳದ ಮೇಲೆ ನನಗೂ ಆಸೆಯಿತ್ತು!

ಕೊನೆಗೆ ನಾಚಿಕೆಯೇ ಮಾತನಾಡಿಸಿತು. ತಾಯಿಯ ಒಡವೆಯೂ ಆಸ್ತಿಯೇ. ಸೂರಃ ಅನ್ನಿಸಾದ 11ನೇ ಸೂಕ್ತದಂತೆ ಮಗನಿಗೆ ಇಬ್ಬರು ಹೆಣ್ಣುಮಕ್ಕಳ ಪಾಲು. ಅಬ್ಬಾ, ಅಜ್ಜ, ಅಜ್ಜಿ ಯಾರೂ ಉಳಿದಿರಲಿಲ್ಲ. ಸಾಲವಾಗಲಿ, ವಸಿಯ್ಯತ್ ಆಗಲಿ ಇರಲಿಲ್ಲ. ಆದ್ದರಿಂದ ಒಟ್ಟು ಐದು ಪಾಲು. ಎರಡು ಅಣ್ಣನಿಗೆ, ಒಂದೊಂದು ನಮಗೆ.

"ಹಾಗಾದರೆ ಎಲ್ಲವನ್ನೂ ಕರಗಿಸಿ ಹಣ ಹಂಚೋಣ" ಎಂದ ಅಣ್ಣ. ಆದರೆ ತೂಕಕ್ಕೆ ಕರೆಸಿದ ಪತ್ತಾರರು ತಡೆದರು. ಬೋರಮಾಳದ ಗುಂಡುಗಳು ತೆಳು ಚಿನ್ನದ ತಗಡು, ಒಳಗೆಲ್ಲ ಅರಗು. ಕರಗಿಸಿದರೆ ತೂಗಿದಷ್ಟು ಚಿನ್ನ ಸಿಗದು, ಕೆಲಸಗಾರಿಕೆಯಂತೂ ಮಣ್ಣುಪಾಲು. ಆದ್ದರಿಂದ ಒಂದೊಂದಕ್ಕೂ ಬೆಲೆ ಕಟ್ಟಿಸಿ, ಎಲ್ಲರ ಒಪ್ಪಿಗೆಯಿಂದ ಪಾಲಿಗೆ ತಕ್ಕಂತೆ ಹಂಚಿಕೊಂಡೆವು. ಬೋರಮಾಳ ಆಪಾಗೆ ಹೋಯಿತು. ಯಾರಿಗೂ ಬೇಡವಾದ ಮುರುಕು ಒಡವೆಗಳು ನನ್ನ ಪಾಲಿಗೆ ಸೇರಿದವು.

ಆ ಮುರುಕುಗಳಿಂದ ಏನೇನಾಯಿತು ಕೇಳಿ. ಒಂಟಿ ಬುಗುಡಿಯ ಹಿಂದೆ ಪತ್ತಾರರು ಪಿನ್ನು ಬೆಸೆದುಕೊಟ್ಟರು. ಈಗ ಅದು ನನ್ನ ದುಪಟ್ಟಾ ಪಿನ್ನು. ಲಚ್ಛಾದ ಕರಿಮಣಿಗಳನ್ನು ಮಗಳು ಕುರ್‌ಆನಿನ ಜುಝ್‌ದಾನಿನ ಅಂಚಿಗೆ ಹೊಲಿದಳು. ಕಾಲ್ಗೆಜ್ಜೆಯ ಗೆಜ್ಜೆಗಳನ್ನು ಬಿಡಿಸಿ ಮಾರಿ, ಹಣವನ್ನು ಸದಕಾ ಕೊಟ್ಟೆ. ಉಳಿದ ಬೆಳ್ಳಿ ಸರಪಳಿ ಪಡಸಾಲೆಯ ಪರದೆ ಕಟ್ಟುವ ಪಟ್ಟಿಯಾಯಿತು. ಬಿಡಿ ಓಲೆಗಳನ್ನು ಅಮ್ಮಿಯ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡಿನ ಮೇಲೆ ಜೋಡಿಸಿ, ಗಾಜಿನ ಚೌಕಟ್ಟು ಹಾಕಿಸಿದೆ.

ನೀವೂ ಮಾಡುವುದಾದರೆ ಕೆಲವು ಮಾತು ನೆನಪಿಡಿ. ಅರಗು ತುಂಬಿದ್ದನ್ನು ಬಿಸಿನೀರಿಗೆ ಹಾಕಬೇಡಿ. ಬೆಳ್ಳಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಅಜ್ಜಿಯ ಚಿನ್ನವೆಂದು ಮಗನಿಗೆ ಉಂಗುರ ಮಾಡಿಸಬೇಡಿ, ಗಂಡಸರಿಗೆ ಚಿನ್ನ ಧರಿಸುವುದು ನಿಷಿದ್ಧ.

ಪಿನ್ನಾದರೂ ಗೋಡೆಯ ಅಲಂಕಾರವಾದರೂ ಚಿನ್ನ ಚಿನ್ನವೇ. ನಮ್ಮ ಹನಫಿ ಮಝ್‌ಹಬಿನಲ್ಲಿ ಧರಿಸುವ ಒಡವೆಗೂ ಝಕಾತ್ ಇದೆ. ಚಿನ್ನದ ನಿಸಾಬ್ ಏಳೂವರೆ ತೊಲ, ಅಂದರೆ ಸುಮಾರು 87.5 ಗ್ರಾಂ. ಬೆಳ್ಳಿಯದು ಐವತ್ತೆರಡೂವರೆ ತೊಲ, ಸುಮಾರು 612 ಗ್ರಾಂ. ಎರಡೂ ಸ್ವಲ್ಪ ಸ್ವಲ್ಪ ಇದ್ದರೆ ಬೆಲೆ ಕೂಡಿಸಿ ಲೆಕ್ಕ ಹಾಕಬೇಕು. ವರ್ಷ ತುಂಬಿದಾಗ ಕೊಡಬೇಕಾದ್ದು ಶೇ. 2.5. ಶಾಫಿಈ ಮಝ್‌ಹಬಿನಲ್ಲಿ ಧರಿಸುವ ಒಡವೆಗೆ ವಿನಾಯಿತಿ ಇದೆ. ನಿಮ್ಮ ಆಲಿಮರನ್ನು ಕೇಳಿ ತಿಳಿದುಕೊಳ್ಳಿ.

ಆ ಬೋರಮಾಳ ಏನಾಯಿತು ಎನ್ನುವಿರಾ? ಹ. ಆಯಿಶಾ(ರ) ಅವರು ಅಕ್ಕ ಅಸ್ಮಾ(ರ) ಅವರಿಂದ ಎರವಲು ತಂದ ಸರ ಪ್ರಯಾಣದಲ್ಲಿ ಕಳೆದುಹೋದ ಘಟನೆ ಹದೀಸ್‌ನಲ್ಲಿದೆ. ಅಕ್ಕತಂಗಿಯರ ನಡುವೆ ಒಡವೆಯ ಎರವಲು ಅಷ್ಟು ಹಳೆಯದು. ಹಾನಗಲ್ಲಿನ ತಂಗಿಯ ಮಗಳ ನಿಕಾಹ್‌ಗೆ ಆಪಾ ತಾವಾಗಿಯೇ ಬೋರಮಾಳ ತಂದು ತೊಡಿಸಿದರು. ಮದುಮಗಳ ಕೊರಳಲ್ಲಿ ಅದನ್ನು ಮೊದಲು ಗುರುತಿಸಿದ್ದು ಅಣ್ಣ. "ಅಮ್ಮಿಯದು" ಎಂದು ಕಣ್ಣೊರೆಸಿಕೊಂಡ.

ಅಂದು ನಾನು ಸುಮ್ಮನಿದ್ದುಬಿಟ್ಟಿದ್ದರೆ ಅವನು ಹಾಗೆ ಹೇಳುತ್ತಿದ್ದನೇ? ಸಹೋದರಿ, ನಿಮ್ಮ ಗಂಟನ್ನೂ ಒಮ್ಮೆ ಬಿಚ್ಚಿ. ಮೊದಲು ಹಕ್ಕಿನ ಲೆಕ್ಕ, ಆಮೇಲೆ ಅಲಂಕಾರ.